ರಕ್ತದಲ್ಲೇ ಗೊತ್ತಾಗಲ್ವಾ ಮೇಡಂ?

ಬಸವನಗುಡಿಯ ಒಂದು ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುವವರು ದಿನಕ್ಕೆ ಒಬ್ಬಿಬ್ಬರಾದರೂ ಬರುತ್ತಾರೆ. ಅವರ ಜೊತೆ ಬಂದವರು ಕೇಳುವುದು ಒಂದೇ ಪ್ರಶ್ನೆ: "ಬೈಪೋಲಾರ್ ಇದೆಯೋ ಇಲ್ವೋ ರಕ್ತದಲ್ಲೇ ಗೊತ್ತಾಗಲ್ವಾ ಮೇಡಂ? ಅದೇನೋ ಸಿಆರ್‌ಪಿ ಅಂತ ಇದೆಯಂತಲ್ಲ?"

ಗೊತ್ತಾಗಲ್ಲ. ಆದರೆ ಸಿಆರ್‌ಪಿಯ ಮಾತು ಪೂರ್ತಿ ಗಾಳಿಸುದ್ದಿಯೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯಬೇಕಾಯಿತು. ಬೈಪೋಲಾರ್ ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಏರಿ, ಕೆಲವು ಕಾಲ ಕುಸಿದುಬೀಳುವ ಕಾಯಿಲೆ. ಸಿಆರ್‌ಪಿ ಅಂದರೆ ಮೈಯಲ್ಲಿ ಉರಿಯೂತವಾದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್.

ಹೋದ ವರ್ಷ ಕಡಲೆಕಾಯಿ ಪರಿಷೆಯ ದಿನ. ಬುಲ್ ಟೆಂಪಲ್ ರೋಡಿನ ಜನಜಂಗುಳಿ ದಾಟಿಕೊಂಡು ಒಬ್ಬರು ತಾಯಿ ಮಗನನ್ನು ಕರಕೊಂಡು ಬಂದರು. ಹುಡುಗನಿಗೆ ಇಪ್ಪತ್ತಮೂರೋ ಇಪ್ಪತ್ನಾಲ್ಕೋ. ಮೊದಲು ಎರಡು ತಿಂಗಳು ನಿದ್ದೆಯಿಲ್ಲ, ಬಾಯಿಗೆ ಬಿಡುವಿಲ್ಲ, ಸಾಲ ಮಾಡಿ ಎರಡು ಬೈಕ್ ತಗೊಂಡಿದ್ದ. ಆಮೇಲೆ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಡಾಕ್ಟರು ಬೈಪೋಲಾರ್ ಅಂದಿದ್ದರು. ತಾಯಿಯ ಕೈಯಲ್ಲಿ ನಮ್ಮದೇ ಲ್ಯಾಬಿನ ರಿಪೋರ್ಟ್. ಸಿಆರ್‌ಪಿ ಲೀಟರಿಗೆ 14 ಮಿಲಿಗ್ರಾಂ, ಇರಬೇಕಾದ್ದಕ್ಕಿಂತ ಜಾಸ್ತಿ.

"ಇದೇ ತಾನೇ ಕಾರಣ? ಇವರಪ್ಪ ಇವನದು ಬರೀ ಸೋಮಾರಿತನ ಅಂತಾರೆ. ಈ ಪೇಪರ್ ತೋರಿಸಿದ್ರೆ ನಂಬ್ತಾರೆ."

ನಾನು ಹುಡುಗನನ್ನು ಕೇಳಿದೆ: "ಜ್ವರ, ಕೆಮ್ಮು, ಗಾಯ ಏನಾದ್ರೂ ಇತ್ತೇನಪ್ಪ?" ಅವನು ಮಾತಾಡಲಿಲ್ಲ. ಎಡಗೆನ್ನೆಯ ಮೇಲೆ ಕೈಯಿಟ್ಟ. ದವಡೆ ಹಲ್ಲಿನ ಹಿಂದೆ ವಸಡು ನಾಲ್ಕು ದಿನದಿಂದ ಊದಿಕೊಂಡಿತ್ತಂತೆ. ಮನೆಯಲ್ಲಿ ಹೇಳಿರಲಿಲ್ಲ. ಹಲ್ಲು ಕೀಳಿಸಿ ಮೂರು ವಾರದ ಮೇಲೆ ಮತ್ತೆ ನೋಡಿದರೆ ಸಿಆರ್‌ಪಿ 2. ಹುಡುಗನ ಮನಸ್ಸು ಮಾತ್ರ ಇದ್ದ ಹಾಗೇ ಇತ್ತು. ರಿಪೋರ್ಟ್ ನಾರ್ಮಲ್ ಬಂತಲ್ಲ ಅಂತ ಬೇಜಾರು ಮಾಡಿಕೊಂಡ ತಾಯಿಯನ್ನು ನಾನು ನೋಡಿದ್ದು ಅವತ್ತೇ.

ಸಿಆರ್‌ಪಿಯನ್ನು 1930ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡರು. ಆ ರೋಗಾಣುವಿನ 'ಸಿ' ಎಂಬ ಅಂಶಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು, ಅದಕ್ಕೇ ಸಿ ರಿಯಾಕ್ಟಿವ್ ಪ್ರೋಟೀನ್. ತಯಾರಾಗುವುದು ಲಿವರಿನಲ್ಲಿ. ಮೈಯಲ್ಲಿ ಎಲ್ಲೇ ಉರಿಯೂತವಾದರೂ ಐಎಲ್-6 ಎಂಬ ರಾಸಾಯನಿಕ ಲಿವರಿಗೆ ಸುದ್ದಿ ಮುಟ್ಟಿಸುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿತ್ತಲ್ಲ, ಅದೇ ಐಎಲ್-6. ಸುದ್ದಿ ಹಲ್ಲಿಂದ ಬಂತೋ, ಮೊಣಕಾಲಿಂದ ಬಂತೋ ಲಿವರ್ ವಿಚಾರಿಸಲ್ಲ. ಸುಮ್ನೆ ಸಿಆರ್‌ಪಿ ಮಾಡಿ ಕಳಿಸುತ್ತದೆ.

ಇನ್ನು ಬೈಪೋಲಾರ್ ವಿಷಯ. ಹಲವಾರು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ಈ ಕಾಯಿಲೆ ಇರುವವರ ಸರಾಸರಿ ಸಿಆರ್‌ಪಿ ಉಳಿದವರಿಗಿಂತ ಜಾಸ್ತಿ. ಮೇನಿಯಾ, ಅಂದರೆ ಮನಸ್ಸಿನ ಉಬ್ಬರ, ಏರಿದಾಗ ಇನ್ನೂ ಜಾಸ್ತಿ. ಐಎಲ್-6, ಟಿಎನ್‌ಎಫ್ ಆಲ್ಫಾ (ಇದೂ ಉರಿಯೂತದ ರಾಸಾಯನಿಕವೇ) ಕೂಡ ಏರಿರುವುದು ಕಂಡಿದೆ. ಆದರೆ ಇದೆಲ್ಲ ಗುಂಪಿನ ಸರಾಸರಿ. ಗಂಡಸರ ಸರಾಸರಿ ಎತ್ತರ ಹೆಂಗಸರಿಗಿಂತ ಜಾಸ್ತಿ, ಅಲ್ವಾ? ಹಾಗಂತ ಪರದೆಯ ಹಿಂದೆ ಐದೂವರೆ ಅಡಿಯವರೊಬ್ಬರು ನಿಂತಿದ್ದಾರೆ ಅಂದರೆ, ಅದು ಗಂಡೋ ಹೆಣ್ಣೋ ಹೇಳಲಿಕ್ಕಾಗುತ್ತಾ?

ಇನ್ನೂ ಒಂದು ತೊಡಕಿದೆ. ಹೊಟ್ಟೆಯ ಕೊಬ್ಬು, ಸಿಗರೇಟು, ನಿದ್ದೆಗೇಡು, ಇವೆಲ್ಲ ಸಿಆರ್‌ಪಿ ಏರಿಸುತ್ತವೆ. ಬೈಪೋಲಾರ್ ಇರುವವರಲ್ಲಿ ಈ ಮೂರೂ ಜಾಸ್ತಿ. ಕೆಲವು ಮಾತ್ರೆಗಳಿಂದಲೇ ತೂಕ ಏರುತ್ತದೆ. ಏರಿದ ಸಿಆರ್‌ಪಿಯಲ್ಲಿ ಕಾಯಿಲೆಯ ಪಾಲೆಷ್ಟು, ಸೊಂಟದ ಸುತ್ತಳತೆಯ ಪಾಲೆಷ್ಟು ಅಂತ ಬಿಡಿಸಿ ಹೇಳುವ ಟ್ಯೂಬ್ ನಮ್ಮ ಹತ್ತಿರ ಇಲ್ಲ. ಹಾಗಾದರೆ ಉರಿಯೂತ ಇಳಿಸಿದರೆ ಮನಸ್ಸೂ ಸರಿಹೋಗಬೇಕಲ್ಲ ಅಂತ ಅದನ್ನೂ ನೋಡಿದ್ದಾರೆ. ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಔಷಧವನ್ನು ಬೈಪೋಲಾರ್ ಖಿನ್ನತೆಯವರಿಗೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಒಟ್ಟಾರೆ ನೋಡಿದರೆ ಬರೀ ಸಲೈನ್ ಕೊಟ್ಟವರಿಗಿಂತ ಹೆಚ್ಚೇನೂ ಗುಣ ಕಾಣಲಿಲ್ಲ.

ಸಿಆರ್‌ಪಿ ದಂಡ ಅಂತ ನಾನು ಹೇಳುತ್ತಿಲ್ಲ. ಬೈಪೋಲಾರ್ ಇರುವವರಿಗೆ ಹೃದಯದ ಕಾಯಿಲೆ ಬೇಗ ಬರುತ್ತದೆ. ಹೆಚ್ಚು ಸೂಕ್ಷ್ಮವಾದ ಎಚ್‌ಎಸ್-ಸಿಆರ್‌ಪಿ ಟೆಸ್ಟಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಹೃದಯದ ಕಡೆ ಗಮನ ಕೊಡಿ ಅಂತ ಅರ್ಥ. 10 ದಾಟಿದರೆ ಮೊದಲು ಸೋಂಕು ಹುಡುಕಿ, ಎರಡು ವಾರ ಬಿಟ್ಟು ಮತ್ತೆ ನೋಡಬೇಕು. ಆ ಹುಡುಗನ ಹಲ್ಲಿನ ಹಾಗೆ.

ನನ್ನನ್ನು ಕೇಳಿದರೆ, ದುಡ್ಡು ಹಾಕಬೇಕಾದ್ದು ಬೋರು ಹೊಡೆಸುವ ಟೆಸ್ಟುಗಳಿಗೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರು ರಕ್ತದಲ್ಲಿನ ಲಿಥಿಯಂ ಮಟ್ಟ, ಥೈರಾಯ್ಡ್, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸುತ್ತಿರಬೇಕು. ಲಿಥಿಯಂ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಲಿ ಅಂತಾರೆ. ಬಿಳಿ ರಕ್ತಕಣ ಸ್ವಲ್ಪ ಏರಿದ್ದರೆ ತಕ್ಷಣ ಸೋಂಕು ಅಂತ ಗಾಬರಿ ಬೇಡ, ಲಿಥಿಯಂನಿಂದಲೂ ಏರುತ್ತದೆ.

ಇಲ್ಲಿ ನಮ್ಮವರ ಒಂದು ಎಡವಟ್ಟು ಹೇಳಲೇಬೇಕು. ಒಂದು ಕಲೆಕ್ಷನ್ ಸೆಂಟರಿನಿಂದ ಬಂದ ಸ್ಯಾಂಪಲ್ಲಿನಲ್ಲಿ ಲಿಥಿಯಂ 2.8 ತೋರಿಸಿತು. ಅಷ್ಟಿದ್ದರೆ ಕೈ ನಡುಗಿ, ವಾಂತಿಯಾಗಿ, ಮನುಷ್ಯ ತೂರಾಡಬೇಕು. ಫೋನ್ ಮಾಡಿದರೆ ಅಜ್ಜಿ ಆರಾಮಾಗಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಟ್ಯೂಬ್ ಎತ್ತಿ ನೋಡಿದೆ. ಹಸಿರು ಮುಚ್ಚಳ. ರಕ್ತ ಹೆಪ್ಪುಗಟ್ಟದಿರಲಿ ಅಂತ ಆ ಟ್ಯೂಬಿನೊಳಗೇ ಲಿಥಿಯಂ ಹೆಪಾರಿನ್ ಸವರಿರುತ್ತಾರೆ! ಹಳದಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ತೆಗೆದಾಗ 0.7.

ಆ ಹುಡುಗ ಈಗ ಲಿಥಿಯಂ ಟೆಸ್ಟಿಗೆ ತಪ್ಪದೆ ಬರುತ್ತಾನೆ. ರಾತ್ರಿ ಒಂಬತ್ತಕ್ಕೆ ಮಾತ್ರೆ, ಬೆಳಿಗ್ಗೆ ಒಂಬತ್ತಕ್ಕೆ ರಕ್ತ, ಹನ್ನೆರಡು ಗಂಟೆಯ ಲೆಕ್ಕ ಅವನಿಗೆ ಬಾಯಿಪಾಠ. ಹೋದ ಸಲ ಅಪ್ಪನೂ ಜೊತೆಗೆ ಬಂದಿದ್ದರು. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಕೊನೆಗೆ ಅವರೂ ಕೇಳಿದರು: "ಇದು ರಕ್ತದಲ್ಲೇ ಗೊತ್ತಾಗಲ್ವಾ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗ ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದ. "ಹಳದಿ ಮುಚ್ಚಳದ್ದೇ ತಾನೇ?" ಅಂದ.