ಆಟಗಾರನನ್ನು ಹೊರಗೆ ಕರೆತರುವ ಅಧಿಕಾರ ಯಾರ ಕೈಯಲ್ಲಿರಬೇಕು

ಪಶ್ಚಿಮ ಸಿಡ್ನಿಯ ಜೂನಿಯರ್ ರಗ್ಬಿ ಲೀಗ್ ಕ್ಲಬ್ಬೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಹಗಲು ಕ್ಲಿನಿಕ್, ವಾರದಲ್ಲಿ ಎರಡು ಸಂಜೆ ತರಬೇತಿ, ವಾರಾಂತ್ಯದಲ್ಲಿ ಸೈಡ್‌ಲೈನ್. ಕಳೆದ ಸೀಸನ್ ಮುಗಿದ ಮೇಲೆ ನಡೆದ ಸಮಿತಿ ಸಭೆಯಲ್ಲಿ, ಹದಿನೆಂಟರೊಳಗಿನವರ ಸೆಮಿಫೈನಲ್ ನಮ್ಮ ಕೈತಪ್ಪಿದ್ದು, ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಹೊರಗಿಟ್ಟು ಫಿಸಿಯೋ ತೋರಿದ ಅತಿಯಾದ ಎಚ್ಚರಿಕೆಯಿಂದ ಎಂದು ಒಬ್ಬರು ಹೇಳಿದರು. ಉಳಿದವರು ಅದನ್ನು ಅಲ್ಲಗಳೆಯಲಿಲ್ಲ. ಆ ಮಾತು ಇಂದಿಗೂ ಚುಚ್ಚುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಂಥ ಮಾತಿಗೆ ಎಡೆಮಾಡಿಕೊಟ್ಟ ವ್ಯವಸ್ಥೆಯೇ ಮುಂದಿನ ಸೀಸನ್ನಿಗೂ ಮುಂದುವರಿಯಲಿದೆ ಎಂಬುದು ನನ್ನನ್ನು ಕಾಡುತ್ತಿದೆ.

ಆ ಸೆಮಿಫೈನಲ್ ಮುಗಿಯಲು ಸುಮಾರು ಹತ್ತು ನಿಮಿಷವಿತ್ತು ಮತ್ತು ನಾವು ನಾಲ್ಕು ಅಂಕ ಹಿಂದಿದ್ದೆವು. ಎದುರಾಳಿಗಳ ಪ್ರಾಪ್ (ಮುಂಚೂಣಿಯ ಭಾರಿ ಮೈಕಟ್ಟಿನ ಆಟಗಾರ) ಒಬ್ಬ, ನೆಲದಿಂದ ಚೆಂಡೆತ್ತಿ ಕೊಡುವ ಡಮ್ಮಿ ಹಾಫ್‌ನಿಂದ ಅದನ್ನು ಪಡೆದು, ನೇರ ಹಿಟ್-ಅಪ್‌ಗೆ, ಅಂದರೆ ನಮ್ಮ ರಕ್ಷಣಾ ಸಾಲಿಗೇ ನುಗ್ಗಲು, ಬಂದ. ನಮ್ಮ ಲಾಕ್ ಸ್ಥಾನದ ಹುಡುಗ ಬೆನ್ನು ಬಾಗಿಸದೆ ನೆಟ್ಟಗೆ ನಿಂತೇ ಅವನನ್ನು ಹಿಡಿದು ಕೆಡವಲು (ಟ್ಯಾಕಲ್‌ಗೆ) ಹೋದ. ಪ್ರಾಪ್‌ನ ಬೆನ್ನ ಕಡೆಗೆ ಇರಬೇಕಾಗಿದ್ದ ತಲೆ ಅವನ ಎದೆಯ ಮುಂದೆ ಅಡ್ಡ ಬಂದು, ಪ್ರಾಪ್‌ನ ಮೊಣಕೈ ಮೇಲಿನ ಗಟ್ಟಿ ಭಾಗ ಹುಡುಗನ ಕಣತಲೆಗೆ ಬಡಿಯಿತು. ಎಚ್ಚರವಿರುವ ಮನುಷ್ಯ ಬೀಳುವಾಗ ತನಗರಿವಿಲ್ಲದೆಯೇ ಕೈ ಊರುತ್ತಾನೆ. ಈ ಹುಡುಗನ ಎರಡೂ ಕೈಗಳು ಮೈಪಕ್ಕದಲ್ಲಿ ಹಾಗೆಯೇ ಉಳಿದವು, ಮುಖವೇ ಮೊದಲು ಹುಲ್ಲಿಗೆ ತಾಗಿತು. ಎರಡನೇ ಟ್ಯಾಕ್ಲರ್ ಪ್ರಾಪ್‌ನನ್ನು ಕೆಡವಿದ, ಪ್ರಾಪ್ ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಹೊರಳಿಸಿ ಪ್ಲೇ-ದ-ಬಾಲ್ ಮಾಡಿದ, ಆಟ ಮುಂದೆ ಸರಿಯಿತು, ಜನರ ಕಣ್ಣು ಚೆಂಡಿನ ಹಿಂದೆ ಹೋಯಿತು.

ನಾನು ಓಡಿಹೋಗಿ ರೆಫರಿಗೆ ಕೈ ತೋರಿಸಿ ಗಡಿಯಾರ ನಿಲ್ಲಿಸಿದೆ. ಮೊದಲು ಕುತ್ತಿಗೆ: ಅಲುಗಾಡಬೇಡ ಎಂದು ಹೇಳಿ, ತಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದು, ನೋವಿದೆಯೇ, ಬೆರಳುಗಳು ಜುಮುಗುಡುತ್ತಿವೆಯೇ ಎಂದು ಕೇಳಿದೆ. ಇಲ್ಲ ಎಂದ. ಎದ್ದು ನಿಂತವನು ಎಡಕ್ಕೆ ಎರಡು ಹೆಜ್ಜೆ ವಾಲಿ, ಅಲ್ಲಿಲ್ಲದ ಗೆಳೆಯನ ಹೆಗಲಿಗಾಗಿ ಗಾಳಿಯಲ್ಲಿ ಕೈ ಚಾಚಿದ. ನನ್ನ ತೀರ್ಮಾನ ಅಲ್ಲಿಗೇ ಮುಗಿದಿತ್ತು. ಆನಂತರ ಬೆಂಚಿನಲ್ಲಿ ಕಳೆದ ನಿಮಿಷಗಳೇ ಕಠಿಣವಾದವು, ಏಕೆಂದರೆ ಅಲ್ಲಿ ಅವನು ಎಲ್ಲ ಪ್ರಶ್ನೆಗಳಿಗೂ ಸರಿಯಾದ ಉತ್ತರ ಕೊಟ್ಟ. ಇದು ಯಾವ ಮೈದಾನ, ಈಗ ಯಾವ ಹಾಫ್, ಕೊನೆಯ ಟ್ರೈ (ಚೆಂಡನ್ನು ಗೆರೆಯಾಚೆ ಊರಿ ಗಳಿಸುವ ಅಂಕ) ಯಾರದು, ಕಳೆದ ವಾರ ಯಾರ ಎದುರು ಆಡಿದೆವು, ಗೆದ್ದೆವೇ ಎಂಬುದೆಲ್ಲವನ್ನೂ ಹೇಳಿದ. ಪಕ್ಕದಲ್ಲೇ ನಿಂತಿದ್ದ ಕೋಚ್ ಅದನ್ನು ಕೇಳಿಸಿಕೊಂಡು, ಹುಡುಗ ಪಾಸಾಗಿದ್ದಾನೆ, ಒಳಗೆ ಕಳಿಸಿ ಎಂದರು. ಬೇಲಿಯಾಚೆಯಿಂದ ಹುಡುಗನ ತಂದೆಯೂ ಅದನ್ನೇ ಕೂಗಿದರು. ಅಷ್ಟರಲ್ಲಿ ಹುಡುಗ ತನ್ನ ಮೌತ್‌ಗಾರ್ಡ್ ಎಲ್ಲಿ ಎಂದು ಬೆಂಚಿನ ಕೆಳಗೆಲ್ಲ ಹುಡುಕುತ್ತಿದ್ದ; ಅದು ಅವನೇ ಕಾಲುಚೀಲಕ್ಕೆ ಸಿಕ್ಕಿಸಿಕೊಂಡ ಜಾಗದಲ್ಲೇ ಇತ್ತು. ನಾನು ತೆಗೆದು ಕೈಗೆ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅದನ್ನೇ ಕೇಳಿದ.

ಕೋಚ್ ಕೆಟ್ಟವರಲ್ಲ. ಅವರ ಗ್ರಹಿಕೆ ಟಿವಿಯಿಂದ ಬಂದದ್ದು. ವೃತ್ತಿಪರ ಲೀಗ್ ಆದ ಎನ್‌ಆರ್‌ಎಲ್‌ನ ಪಂದ್ಯಗಳಲ್ಲಿ ಆಟಗಾರ ಎಚ್‌ಐಎಗೆ (ತಲೆಗೆ ಪೆಟ್ಟು ಬಿದ್ದಾಗ ಮಾಡುವ ಪರೀಕ್ಷೆಗೆ) ಹೋಗುತ್ತಾನೆ, ಹದಿನೈದು ನಿಮಿಷದ ಬಳಿಕ ಹಿಂದಿರುಗುತ್ತಾನೆ, ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಆ ಹದಿನೈದು ನಿಮಿಷದ ಹಿಂದೆ ಒಬ್ಬ ವೈದ್ಯ, ಬೇರೆ ಬೇರೆ ಕೋನಗಳ ವಿಡಿಯೋ, ಸೀಸನ್ನಿಗೆ ಮುನ್ನವೇ ಮಾಡಿಟ್ಟ ಬೇಸ್‌ಲೈನ್ ಪರೀಕ್ಷೆಯ ಅಂಕಗಳು ಇರುತ್ತವೆ ಎಂಬುದು ಪರದೆಯ ಮೇಲೆ ಕಾಣಿಸುವುದಿಲ್ಲ. ಅಷ್ಟೆಲ್ಲ ಇದ್ದರೂ, ಪ್ರಜ್ಞೆ ತಪ್ಪಿದ್ದು, ಕೈ ಊರದೆ ಬಿದ್ದದ್ದು, ಎದ್ದಾಗ ತೂರಾಡಿದ್ದು ಮೊದಲಾದ ಕ್ಯಾಟಗರಿ ಒನ್ ಲಕ್ಷಣ ಒಂದೇ ಒಂದು ಕಂಡರೂ ಆ ಆಟಗಾರ ಅಂದು ಮತ್ತೆ ಮೈದಾನಕ್ಕಿಳಿಯುವಂತಿಲ್ಲ. ಪರೀಕ್ಷೆಯಲ್ಲಿ ಎಷ್ಟು ಚೆನ್ನಾಗಿ ಮಾಡಿದನೆಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಹಂತದಲ್ಲಿ ಎಚ್‌ಐಎ ಇಲ್ಲವೇ ಇಲ್ಲ. ಗುರುತಿಸುವುದು, ಹೊರಗೆ ತರುವುದು, ವೈದ್ಯರ ಬಳಿ ಕಳಿಸುವುದು, ಇಷ್ಟೇ ನಿಯಮ. ನಾನು ಕೇಳುವ ಪ್ರಶ್ನೆಗಳು ಅನುಮಾನವನ್ನು ಗಟ್ಟಿಗೊಳಿಸಲು ಇವೆ, ಕಣ್ಣಾರೆ ಕಂಡದ್ದನ್ನು ಅಳಿಸಲು ಅಲ್ಲ. ಇದನ್ನು ಸೀಸನ್ನಿನ ಮೊದಲ ವಾರವೇ ಕೋಚ್‌ಗಳಿಗೂ ಪೋಷಕರಿಗೂ ಲಿಖಿತವಾಗಿ ಕೊಡಬೇಕು ಎಂಬುದು ಆ ದಿನ ನಾನು ಮಾಡಿಕೊಂಡ ತೀರ್ಮಾನ.

ಹುಡುಗನಿಗೆ ಅಂದು ರಾತ್ರಿ ತಲೆನೋವು ಏರಿತು, ಬೆಳಕು ಸಹಿಸಲಾಗಲಿಲ್ಲ. ತಾಯಿ ಸಂದೇಶ ಕಳಿಸಿದರು, ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಕನ್‌ಕಷನ್, ಅಂದರೆ ಪೆಟ್ಟಿನಿಂದ ಮಿದುಳಿನ ಕೆಲಸ ಏರುಪೇರಾಗುವುದು, ಸ್ಕ್ಯಾನ್‌ನಲ್ಲಿ ಕಾಣುವಂಥದ್ದಲ್ಲ, ರಕ್ತಸ್ರಾವವಿಲ್ಲ ಎಂದಷ್ಟೇ ಅದರ ಅರ್ಥ. ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಸಮುದಾಯ ಮಟ್ಟದ ಆಟಗಾರರು ಲಕ್ಷಣಗಳೆಲ್ಲ ಮಾಯವಾಗಿ 14 ದಿನ ಕಳೆಯುವವರೆಗೆ ಮೈತಾಗುವ ತರಬೇತಿಗೆ ಬರುವಂತಿಲ್ಲ, ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಕಾಯಬೇಕು. ಹೀಗಾಗಿ, ಸೆಮಿಫೈನಲ್ ಗೆದ್ದಿದ್ದರೂ ಫೈನಲ್‌ನಲ್ಲಿ ಅವನು ಆಡುವಂತಿರಲಿಲ್ಲ. ಆ ಟ್ಯಾಕಲ್‌ನಲ್ಲೇ ಅವನ ಸೀಸನ್ ಮುಗಿದಿತ್ತು. ಅದನ್ನು ಮುಗಿಸಿದವನು ನಾನಲ್ಲ ಎಂದು ಸಮಿತಿಗೆ ವಿವರಿಸಬೇಕಾಗಿ ಬಂದದ್ದೇ ನನಗೆ ನೋವು.

ಈ ಎಚ್ಚರಿಕೆ ಅತಿಯಾಯಿತೇ ಎಂದು ಕೇಳುವವರಿಗೆ ನಾನು ಎರಡು ಹೆಸರುಗಳನ್ನು ಹೇಳುತ್ತೇನೆ. ಕ್ಯಾಂಟರ್ಬರಿ ತಂಡಕ್ಕೆ ಆಡಿ, ಬಳಿಕ ಅದೇ ತಂಡದ ಕೋಚ್ ಆಗಿದ್ದ ಸ್ಟೀವ್ ಫೋಕ್ಸ್ 2018ರಲ್ಲಿ ತೀರಿಕೊಂಡ ಮೇಲೆ ಅವರ ಮಿದುಳಿನಲ್ಲಿ ಸಿಟಿಇ (ಮಿದುಳು ಕ್ರಮೇಣ ಹಾಳಾಗುವ ರೋಗ) ಕಂಡುಬಂತು. ಲೀಗ್ ಆಟಗಾರರೂ ಕೋಚೂ ಆಗಿದ್ದು 2022ರಲ್ಲಿ ತೀರಿಕೊಂಡ ಪಾಲ್ ಗ್ರೀನ್ ಅವರ ಮಿದುಳಿನಲ್ಲಿಯೂ ಅದೇ. ಈ ರೋಗಕ್ಕೆ ಕಾರಣವೆಂದು ಸಂಶೋಧಕರು ಬೆರಳು ಮಾಡುವುದು ಒಂದೇ ಒಂದು ದೊಡ್ಡ ಪೆಟ್ಟಿನತ್ತ ಅಲ್ಲ, ವರ್ಷಗಟ್ಟಲೆ ತಲೆಗೆ ಬೀಳುವ ಪುನರಾವರ್ತಿತ ಪೆಟ್ಟುಗಳತ್ತ. ಅವುಗಳಲ್ಲಿ ಹೆಚ್ಚಿನವು ಕನ್‌ಕಷನ್ ಎಂದು ಯಾರೂ ಬರೆದಿಟ್ಟುಕೊಳ್ಳದಂಥವು.

ಹಾಗಾಗಿ ಶನಿವಾರ ಒಬ್ಬನನ್ನು ಹೊರಗೆ ಕರೆತಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ವಾರದ ಸಂಜೆಗಳಲ್ಲಿ ನಡೆಯುವುದೇನು ಎಂಬುದನ್ನೂ ನೋಡಬೇಕು. ಆಡಳಿತದವರು ಚೆಂಡು ಹಿಡಿದವನ ತಲೆಯನ್ನು ಕಾಯುವ ಕೆಲಸವನ್ನು ತಕ್ಕಮಟ್ಟಿಗೆ ಮಾಡಿದ್ದಾರೆ: ಭುಜದಿಂದ ಗುದ್ದುವ ಶೋಲ್ಡರ್ ಚಾರ್ಜ್ 2013ರಿಂದ ನಿಷಿದ್ಧ, 2021ರಲ್ಲಿ ತಲೆಗೆ ಹೋಗುವ ಟ್ಯಾಕಲ್‌ಗಳಿಗೆ ಸಿನ್ ಬಿನ್ (ತಪ್ಪು ಮಾಡಿದವನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸುವ ಶಿಕ್ಷೆ) ಬಿಗಿಯಾಯಿತು. ಟ್ಯಾಕಲ್ ಮಾಡುವವನ ತಲೆಯನ್ನು ರೆಫರಿಯ ಸೀಟಿ ಕಾಯಲಾರದು, ಅದನ್ನು ಕಾಯುವುದು ಅಭ್ಯಾಸ. ನಮ್ಮ ಕ್ಲಬ್ಬಿನಲ್ಲಿ ಇಬ್ಬರನ್ನು ದೂರದಿಂದ ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುವ ಡ್ರಿಲ್ ಇತ್ತು. ಧೈರ್ಯ ಬರುತ್ತದೆ ಎಂಬುದು ಅದರ ಸಮರ್ಥನೆ. ಸೆಮಿಫೈನಲ್ ನಂತರ ಅದನ್ನು ಬಿಡಿಸಿದ್ದೇನೆ. ಅದರ ಬದಲು ಮೊಣಕಾಲೂರಿ, ಆಮೇಲೆ ಎರಡು ಹೆಜ್ಜೆಯ ಅಂತರದಿಂದ, ಕಾಲನ್ನು ಹತ್ತಿರ ಇಟ್ಟು, ಸೊಂಟ ತಗ್ಗಿಸಿ, ಕೆನ್ನೆಯನ್ನು ಎದುರಾಳಿಯ ಪೃಷ್ಠದ ಹಿಂಬದಿಗೆ ಒತ್ತುವುದನ್ನು ನಿಧಾನ ವೇಗದಲ್ಲಿ ಮಾಡಿಸುತ್ತೇವೆ. ಹುಡುಗರಿಗೆ ಇದು ಬೇಸರ. ದಣಿದಾಗ ತಲೆ ಮತ್ತೆ ಮುಂದಕ್ಕೆ ಬರುತ್ತದೆ, ಅದಕ್ಕೇ ತರಬೇತಿಯ ಕೊನೆಯಲ್ಲಿ, ಏದುಸಿರು ಬಿಡುತ್ತಿರುವಾಗಲೇ, ಇನ್ನೊಮ್ಮೆ ಮಾಡಿಸುತ್ತೇನೆ.

ಇಲ್ಲಿನ ಕನ್ನಡ ಕುಟುಂಬಗಳ ಮಕ್ಕಳೂ ಈಗ ಶಾಲೆಯ ಗೆಳೆಯರ ಜೊತೆ ಲೀಗ್‌ಗೆ ಸೇರುತ್ತಿದ್ದಾರೆ, ತಾಯಂದಿರು ಒಳ್ಳೆಯ ಹೆಡ್‌ಗಿಯರ್ ಯಾವುದೆಂದು ನನಗೆ ಫೋನ್ ಮಾಡುತ್ತಾರೆ. ಮೆತ್ತನೆಯ ಹೆಡ್‌ಗಿಯರ್ ಚರ್ಮದ ಗಾಯ, ಕಿವಿಯ ತರಚು ತಪ್ಪಿಸಬಹುದು. ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯುತ್ತದೆ ಎನ್ನಲು ಆಧಾರವಿಲ್ಲ. ಅಂಗಡಿಗೆ ಹೋಗುವ ಮುನ್ನ ಕ್ಲಬ್ಬಿನ ತರಬೇತಿಯನ್ನು ಒಂದು ಸಂಜೆ ನಿಂತು ನೋಡಿ ಎಂದು ಅವರಿಗೆ ಹೇಳುತ್ತೇನೆ.

ಈಗ ಸಮಿತಿಯ ಮಾತಿಗೆ ಮರಳುತ್ತೇನೆ. ಎನ್‌ಆರ್‌ಎಲ್ 2022ರಲ್ಲಿ ಬಂಕರ್‌ನಲ್ಲಿ (ಪಂದ್ಯದ ವಿಡಿಯೋ ಪರಿಶೀಲಿಸುವ ಕೇಂದ್ರದಲ್ಲಿ) ಸ್ವತಂತ್ರ ವೈದ್ಯರನ್ನು ಕೂರಿಸಿ, ಆಟಗಾರನನ್ನು ಹೊರಗೆ ಕರೆಸುವ ಅಧಿಕಾರವನ್ನು ಅವರಿಗೆ ಕೊಟ್ಟಾಗ ಹಲವು ಕೋಚ್‌ಗಳು ಸಿಟ್ಟಾದರು. ಆದರೆ ಆ ಸಿಟ್ಟು ತಂಡದ ಜೊತೆಯೇ ಬಸ್ಸಿನಲ್ಲಿ ಬರಬೇಕಾದ ವ್ಯಕ್ತಿಯ ಮೇಲೆ ಬೀಳಲಿಲ್ಲ. ನನ್ನ ಸ್ಥಿತಿ ಬೇರೆ: ನನ್ನ ಸಂಭಾವನೆ ಕ್ಲಬ್ಬಿನದು, ಮುಂದಿನ ಸೀಸನ್ನಿಗೆ ನಾನು ಬೇಕೋ ಬೇಡವೋ ಎಂದು ನಿರ್ಧರಿಸುವವರೂ ಅವರೇ. ಸೈಡ್‌ಲೈನ್‌ನಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ, ಇಪ್ಪತ್ತು ದಾಟದ ಟ್ರೈನರ್ ಒಬ್ಬಳು, ಮೊದಲ ಸೀಸನ್ನಿನಲ್ಲಿ, ಬೇಲಿಯಾಚೆ ಕೂಗುವ ತಂದೆಯನ್ನೂ ಪಕ್ಕದಲ್ಲಿ ನಿಂತ ಕೋಚನ್ನೂ ಎದುರಿಸಿ ನಿಲ್ಲಬೇಕೆಂದು ಬಯಸುವುದು ಅನ್ಯಾಯ. ಸೈಡ್‌ಲೈನ್ ಟ್ರೈನರ್‌ಗಳನ್ನು ಜಿಲ್ಲಾ ಅಸೋಸಿಯೇಷನ್ನೇ ನೇಮಿಸಿ, ರೆಫರಿಗಳನ್ನು ಹಂಚುವಂತೆ ಪಂದ್ಯಗಳಿಗೆ ಹಂಚಬೇಕೆಂದು ನಾನು ಬರೆದುಕೊಟ್ಟಿದ್ದೇನೆ. ಹಣವಿಲ್ಲ ಎಂಬ ಉತ್ತರ ಬಂದಿದೆ. ಕ್ಲಬ್ಬುಗಳು ಈಗಲೂ ಟ್ರೈನರ್‌ಗಳಿಗೆ ಹಣ ಕೊಡುತ್ತಲೇ ಇವೆ; ಅದೇ ಹಣ ಅಸೋಸಿಯೇಷನ್ ಮೂಲಕ ನಮಗೆ ಬರಲಿ ಎಂದಷ್ಟೇ ಕೇಳಿ ಎರಡನೆಯ ಪತ್ರ ಕಳಿಸಿದ್ದೇನೆ.