ಅಷ್ಟೊಂದು ಮಾತು ಹೇಗೆ ನೆನಪಿಟ್ಕೋತೀರಿ?

ನಾಟಕ ಮುಗಿದು ಬಣ್ಣ ಒರೆಸಿಕೊಳ್ಳುವ ಹೊತ್ತಿಗೆ ಯಾರಾದರೂ ಬಂದು ಇದನ್ನು ಕೇಳಿಯೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮನೆ ಕಟ್ಟಿ ನಿಲ್ಲಿಸಿದ ಗಾರೆ ಕೆಲಸದವನನ್ನು "ಅಷ್ಟೊಂದು ಇಟ್ಟಿಗೆ ಹೇಗೆ ಹೊತ್ತೆ ಮಾರಾಯಾ?" ಅಂತ ಕೇಳಿದ ಹಾಗಿದೆ ಈ ಪ್ರಶ್ನೆ. ಹೊತ್ತಿದ್ದಾನೆ, ಸುಳ್ಳಲ್ಲ. ಗೋಡೆ ನೆಟ್ಟಗಿದೆಯಾ ಅಂತ ಒಂದು ಸಲ ನೋಡಬಾರದೇ? ಜೊತೆಗೆ "ನಂಗಾದ್ರೆ ನಾಲ್ಕು ಸಾಲೂ ನಿಲ್ಲಲ್ಲಪ್ಪ" ಅಂತ ಬೇರೆ ಸೇರಿಸುತ್ತಾರೆ. ಹೀಗನ್ನುವವರಿಗೆ ಹಳೇ ಸಿನಿಮಾ ಹಾಡುಗಳು ಚರಣದ ಸಮೇತ ಬರುತ್ತವೆ. ಅವನ್ನು ಯಾವತ್ತು ಕೂತು ಉರು ಹೊಡೆದಿದ್ದರು? ಹ್ಯಾಮ್ಲೆಟ್ ಪಾತ್ರಕ್ಕೆ ಸುಮಾರು 1,500 ಸಾಲು ಮಾತಿದೆ. ಅದನ್ನು ಆಡಿದವರಲ್ಲೂ ಕನ್ನಡಕ ಎಲ್ಲಿಟ್ಟೆ ಅಂತ ಮನೆಯೆಲ್ಲ ಹುಡುಕುವವರು ಇದ್ದೇ ಇರುತ್ತಾರೆ.

ಸರಿ, ವಿಧಾನ ಬೇಕಲ್ಲವಾ, ತಗೊಳ್ಳಿ. ಮೊದಲ ದಿನವೇ ಬಾಯಿಪಾಠಕ್ಕೆ ಕೂರಬಾರದು. ನಾಟಕವನ್ನು ಮೂರು ನಾಲ್ಕು ಸಲ ಪೂರ್ತಿ ಓದಬೇಕು, ನಮ್ಮ ಪಾತ್ರ ಇಲ್ಲದ ದೃಶ್ಯಗಳನ್ನೂ ಸೇರಿಸಿ. ಆಮೇಲೆ ನಮ್ಮ ಪ್ರತಿ ಮಾತಿನ ಪಕ್ಕ, ಇವನು ಇದನ್ನು ಈಗಲೇ ಯಾಕೆ ಹೇಳುತ್ತಾನೆ ಅಂತ ಬರೆದುಕೊಳ್ಳಬೇಕು. ಪೆನ್ಸಿಲಿನಲ್ಲೇ ಬರೆಯಿರಿ, ತಾಲೀಮಿನಲ್ಲಿ ಕಾರಣ ಬದಲಾಗುತ್ತದೆ. ಅದಾದ ಮೇಲೆ ಒಂದು ರಟ್ಟಿನ ತುಂಡು ತಗೊಂಡು ಪುಟ ಮುಚ್ಚಿ, ಎದುರಿನವರ ಮಾತು ಕಾಣುವಷ್ಟು ಮಾತ್ರ ಸರಿಸಿ, ನಮ್ಮದನ್ನು ಹೇಳಿ, ತೆಗೆದು ನೋಡುವುದು. ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. ರಾತ್ರಿ ಒಂದು ಸಲ ನೋಡಿ ಮಲಗಿ, ಬೆಳಿಗ್ಗೆ ಪುಸ್ತಕ ಮುಟ್ಟುವ ಮೊದಲೇ ಹೇಳಿ ನೋಡಿದರೆ ಯಾವುದು ನಿಂತಿದೆ, ಯಾವುದು ಸೋರಿದೆ ಅಂತ ಗೊತ್ತಾಗುತ್ತದೆ. ಸೋರಿದ್ದಕ್ಕೆ ಮಾತ್ರ ಮತ್ತೆ ಕೂರಬೇಕು.

ಇಷ್ಟೂ ಹೊತ್ತು ದನಿಯಲ್ಲಿ ಏರಿಳಿತ ಇರಬಾರದು. ಸಾಮಾನಿನ ಚೀಟಿ ಓದಿದ ಹಾಗೆ ಸಪಾಟಾಗಿ ಹೇಳಬೇಕು. ರಾಗದ ಸಮೇತ ಬಾಯಿಪಾಠ ಮಾಡಿದವರದ್ದು ಹಾಡಿನ ಹಾಗೆ ಗಟ್ಟಿಯಾಗಿಬಿಡುತ್ತದೆ. ಆಮೇಲೆ ನಿರ್ದೇಶಕರು "ಇಲ್ಲಿ ಕೋಪ ಬೇಡ" ಅಂದರೆ ಕೋಪದ ಜೊತೆ ಮಾತೂ ಹೋಗುತ್ತದೆ.

ಹೊಸಬರು ಎಡವುವುದು ಕ್ಯೂ, ಅಂದರೆ ನಮ್ಮ ಮಾತು ಶುರುಮಾಡಲು ಸಿಗುವ ಸೂಚನೆಯ ವಿಷಯದಲ್ಲಿ. ಎದುರಿನವರ ಮಾತಿನ ಕೊನೆಯ ಪದವೇ ಕ್ಯೂ ಅಂದುಕೊಂಡಿರುತ್ತಾರೆ. ಒಂದು ಉದಾಹರಣೆ ನೋಡಿ. ಅವಳು ಹೇಳುತ್ತಾಳೆ: "ನಿಮ್ಮಣ್ಣ ನಿನ್ನೆ ಬಂದಿದ್ದ, ಊಟ ಮಾಡ್ಕೊಂಡು ಹೋದ." ನನ್ನ ಮಾತು: "ಅವನು ಊರಲ್ಲೇ ಇಲ್ವಲ್ಲ!" ನನ್ನನ್ನು ಮಾತಾಡಿಸುವುದು "ಹೋದ" ಅಲ್ಲ, "ನಿನ್ನೆ ಬಂದಿದ್ದ". ಉಸಿರು ಅಲ್ಲೇ ಒಳಗೆ ಬರಬೇಕು. ಮಿಕ್ಕ ಮೂರು ಪದ ಮುಗಿಯುವ ತನಕ ಅದನ್ನು ತಡೆದು ಹಿಡಿದಿರುವುದೇ ಕೆಲಸ. ಹಾಗೆ ಕಲಿತವನಿಗೆ ಅವಳು ಒಂದು ದಿನ ಊಟದ ಮಾತನ್ನೇ ನುಂಗಿದರೂ ತೊಂದರೆಯಿಲ್ಲ. "ಹೋದ"ಕ್ಕೆ ಕಾಯುವವನು ಕಾಯುತ್ತಲೇ ನಿಂತಿರುತ್ತಾನೆ.

ಇದಕ್ಕಿಂತ ದೊಡ್ಡ ಅಪಾಯ ಒಂದೇ ಥರದ ಎರಡು ಮಾತು. ಮೊದಲ ಅಂಕದಲ್ಲಿ "ನಂಗೆಲ್ಲಾ ಗೊತ್ತು" ಅಂತಿದೆ, ಮೂರನೆಯದರಲ್ಲೂ ಅದೇ ಇದೆ. ನಾಲಿಗೆ ಹಳಿ ತಪ್ಪಿ ಇಲ್ಲಿಂದ ಅಲ್ಲಿಗೆ ಜಿಗಿದರೆ ನಡುವಿನ ಅರ್ಧ ಗಂಟೆಯ ನಾಟಕ ಮಾಯ. ಬರಬೇಕಾಗಿದ್ದ ಪಾತ್ರಗಳು ರಂಗದ ಪಕ್ಕದ ಮರೆಯಲ್ಲಿ, ವಿಂಗಿನಲ್ಲೇ ಬಾಯಿಬಿಟ್ಟುಕೊಂಡು ನಿಂತಿರುತ್ತವೆ. ಔಷಧಿ ಒಂದೇ: ಒಂದು ಕಡೆ ಕುರ್ಚಿಯಲ್ಲಿ ಕೂತು ಹೇಳುವುದು, ಇನ್ನೊಂದು ಕಡೆ ಬಾಗಿಲ ಹತ್ತಿರ ನಿಂತು. ಮೈ ಬೇರೆ ಬೇರೆ ಕಡೆ ಇದ್ದರೆ ಮಾತು ಬೆರೆಯುವುದಿಲ್ಲ. ನಟರ ನೆನಪಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಹೆಲ್ಗಾ ನಾಯ್ಸ್ ಮತ್ತು ಟೋನಿ ನಾಯ್ಸ್ (ಆಕೆ ಮನಶ್ಶಾಸ್ತ್ರಜ್ಞೆ, ಆತ ನಟ) ಕಂಡುಕೊಂಡಿದ್ದೂ ಇದನ್ನೇ: ಪ್ರದರ್ಶನ ನಿಂತು ತಿಂಗಳುಗಳಾದ ಮೇಲೂ, ನಿಂತಲ್ಲೇ ಆಡಿದ ಮಾತಿಗಿಂತ ಚಲಿಸುತ್ತಾ ಆಡಿದ ಮಾತು ಹೆಚ್ಚು ಉಳಿದಿರುತ್ತದೆ. ಮೂವ್‌ಮೆಂಟ್ ಬದಲಿಸಿದ ದಿನ ತಾಲೀಮಿನಲ್ಲಿ ಎಲ್ಲರೂ ತಡವರಿಸುವುದು ಸೋಮಾರಿತನದಿಂದಲ್ಲ.

"ಅರ್ಥ ಬಂದರಾಯ್ತಲ್ಲ, ಸ್ವಲ್ಪ ಆಚೀಚೆ ಆದರೇನು?" ಅನ್ನುವವರಿಗೆ: ಲೈಟಿನವನು "ದೀಪ ಆರಿಸು" ಅನ್ನುವ ಮಾತಿಗೆ ಕೈ ಇಟ್ಟುಕೊಂಡು ಕಾಯುತ್ತಿರುತ್ತಾನೆ. ನೀವು "ಇನ್ನು ಮಲ್ಕೊಳ್ಳೋಣ" ಅಂದರೆ ಝಗಮಗ ಬೆಳಕಿನಲ್ಲೇ ಮಲಗಬೇಕಾಗುತ್ತದೆ.

ಇನ್ನು ಸಿನಿಮಾ. "ಅಲ್ಲಿ ಸುಲಭ ಅಲ್ವಾ, ತಪ್ಪಿದ್ರೆ ಇನ್ನೊಂದು ಟೇಕ್." ಉರು ಹೊಡೆಯುವ ಮಟ್ಟಿಗೆ ಸುಲಭವೇ, ಒಪ್ಪಿದೆ. ಆ ದಿನದ ಎರಡು ಪುಟ ಕಲಿತು, ಮುಗಿದ ಮೇಲೆ ಮರೆತರಾಯಿತು. ಹಾಲಿವುಡ್ ನಟ ಮಾರ್ಲನ್ ಬ್ರಾಂಡೊ 1972ರಲ್ಲಿ ತೆರೆಕಂಡ ಗಾಡ್‌ಫಾದರ್ ಚಿತ್ರೀಕರಣದಲ್ಲಿ ಅಷ್ಟನ್ನೂ ಕಲಿಯದೆ, ಮಾತು ಬರೆದ ರಟ್ಟುಗಳನ್ನು ಸಹನಟನ ಎದೆಯ ಮೇಲೆ ಹಿಡಿಸಿ ಓದಿಕೊಂಡರು. ತೆರೆಯ ಮೇಲೆ ಯಾರಿಗಾದರೂ ಗೊತ್ತಾಯಿತೇ? ಕಷ್ಟ ಬೇರೆ ಕಡೆ ಇದೆ. ಇಡೀ ದೃಶ್ಯವನ್ನು ಒಂದೇ ಓಟದಲ್ಲಿ ಹಿಡಿಯುವ ಮಾಸ್ಟರ್ ಶಾಟಿನಲ್ಲಿ ಯಾವ ಪದಕ್ಕೆ ಲೋಟ ಎತ್ತಿದಿರೋ, ಮೂರು ಗಂಟೆ ಬಿಟ್ಟು ಕ್ಲೋಸ್‌ಅಪ್ಪಿನಲ್ಲೂ ಅದೇ ಪದಕ್ಕೆ, ಅದೇ ಕೈಯಲ್ಲಿ ಎತ್ತಬೇಕು. ಇಲ್ಲದಿದ್ದರೆ ಎರಡು ಶಾಟ್ ಕೂಡುವುದಿಲ್ಲ, ಸಂಕಲನಕಾರ ನಿಮ್ಮ ಒಳ್ಳೆಯ ಟೇಕನ್ನೇ ಎಸೆಯುತ್ತಾನೆ. ಅದಕ್ಕೇ ಪಳಗಿದವರು ಮಾಸ್ಟರ್ ಶಾಟಿನಲ್ಲಿ ಕೈಗೆ ಕೆಲಸ ಕಡಿಮೆ ಇಟ್ಟುಕೊಳ್ಳುತ್ತಾರೆ.

ಹೇಗೆ ನೆನಪಿಟ್ಕೋತೀರಿ ಅನ್ನುವ ಬದಲು ಯಾರಾದರೂ ಒಮ್ಮೆ, "ಎದುರಿನವರು ಮಾತಾಡುವಾಗ ನೀವೇನು ಮಾಡ್ತಿರ್ತೀರಿ?" ಅಂತ ಕೇಳಬಾರದೇ? ಎರಡು ಗಂಟೆಯ ನಾಟಕದಲ್ಲಿ ದೊಡ್ಡ ಪಾತ್ರದವನೂ ಬಹಳ ಹೊತ್ತು ಸುಮ್ಮನೇ ಇರುತ್ತಾನೆ. ಆಗ ಮುಂದಿನ ಮಾತನ್ನು ಒಳಗೊಳಗೇ ಜಪಿಸುತ್ತಿದ್ದರೆ ಮೂರನೇ ಸಾಲಿನವರಿಗೂ ಕಾಣುತ್ತದೆ, ಕಣ್ಣು ಗಾಜಿನ ಗೋಲಿಯಾಗಿರುತ್ತದೆ. ಮಾತು ಮರೆಯುವುದೂ ಹೀಗೆ ಜಪಿಸುವವನಿಗೇ. ಇಂಗ್ಲೆಂಡಿನ ಹೆಸರಾಂತ ನಟ ಲಾರೆನ್ಸ್ ಒಲಿವಿಯೆಗೆ ಐವತ್ತು ದಾಟಿದ ಮೇಲೆ ರಂಗಭಯ ಹಿಡಿದು ವರ್ಷಗಟ್ಟಲೆ ಕಾಡಿತು. ಒಥೆಲೊ ಆಡುವಾಗ ಅವರು ಇಯಾಗೊ ಪಾತ್ರದ ಫ್ರ್ಯಾಂಕ್ ಫಿನ್ಲೆಯನ್ನು, ನಾನೊಬ್ಬನೇ ಮಾತಾಡುವ ಕಡೆ ವಿಂಗಿನಲ್ಲಿ ನನಗೆ ಕಾಣುವ ಹಾಗೆ ನಿಂತಿರು ಅಂತ ಕೇಳಿಕೊಂಡರು. ಬೇಕಾಗಿದ್ದು ಒಂದು ಜೊತೆ ಕಣ್ಣು.

ಕ್ಯಾಮೆರಾ ಮುಂದೆ ಎಷ್ಟೋ ಸಲ ಅದೂ ಇರುವುದಿಲ್ಲ. ನಿಮ್ಮ ಕ್ಲೋಸ್‌ಅಪ್ ಹೊತ್ತಿಗೆ ಎದುರಿನ ನಟಿ ಹೊರಟುಹೋಗಿರುತ್ತಾಳೆ. ಲೆನ್ಸಿನ ಪಕ್ಕ ಸ್ಟ್ಯಾಂಡಿಗೆ ಅಂಟಿಸಿದ ಟೇಪಿನ ತುಂಡೇ ಆಕೆಯ ಕಣ್ಣು. ಸಹಾಯಕ ನಿರ್ದೇಶಕ ಆಕೆಯ ಪ್ರೇಮನಿವೇದನೆಯನ್ನು ಬಸ್ಸಿನ ವೇಳಾಪಟ್ಟಿಯ ಹಾಗೆ ಓದುತ್ತಾನೆ. ಅದನ್ನು ಕೇಳಿ ನಿಮ್ಮ ಕಣ್ಣು ತುಂಬಬೇಕು. ತೆರೆಯ ಮೇಲೆ ಆಕೆ ಮಾತಾಡುವಾಗ ಸಂಕಲನಕಾರ ತೋರಿಸುವುದು ಬಹಳ ಸಲ ನಿಮ್ಮ ಮುಖವನ್ನೇ.

ತಿಂಗಳುಗಳಾದ ಮೇಲೆ ಡಬ್ಬಿಂಗ್. ಮಾತು ಬೇಗ ಮುಗಿಯುತ್ತದೆ, ಪುಟ ಎದುರಿಗೇ ಇರುತ್ತದೆ, ತುಟಿ ಕೂಡಿದರಾಯಿತು. ಹೊತ್ತು ಹಿಡಿಯುವುದು ಸುಮ್ಮನೆ ಕೇಳಿಸಿಕೊಂಡ ದೃಶ್ಯಗಳು. ಅವಕ್ಕೂ ಉಸಿರು, ಗುಟುಕು, "ಹ್ಮ್" ಎಲ್ಲ ತುಂಬಬೇಕು. ಅದು ಯಾವ ಪುಟದಲ್ಲೂ ಬರೆದಿರುವುದಿಲ್ಲ. ಕತ್ತಲ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ನಮ್ಮದೇ ಮುಖವನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ, ಅವತ್ತು ಎಲ್ಲಿ ಉಸಿರೆಳೆದಿದ್ದೆವು ಅಂತ ಎದೆಯ ಏರಿಳಿತ ನೋಡಿ ಹುಡುಕಬೇಕು.