ಗಾಜು ಫಳಫಳ, ಒಳಗೆ ಸ್ಪ್ರಿಂಗ್ ಢಮಾರ್

ನನ್ನ ಸ್ಪ್ರಿಂಗ್ ಏರ್ ರೈಫಲ್‌ನ ಗ್ರೂಪ್, ಅಂದರೆ ಒಂದೇ ಚುಕ್ಕೆಗೆ ಹೊಡೆದ ಪೆಲೆಟ್‌ಗಳ ತೂತುಗಳ ಗುಂಪು, ಅಲೆದಾಡುತ್ತಿತ್ತು. ಕಾರಣ ಕೊನೆಗೂ ಸಿಕ್ಕಿತು. ಬ್ಯಾರಲ್ಲೂ ಅಲ್ಲ, ಪೆಲೆಟ್ಟೂ ಅಲ್ಲ. ಗುರಿ ಹಿಡಿಯುವ ದುರ್ಬೀನು, ಅಂದರೆ ಸ್ಕೋಪೇ ಸವೆದಿದೆ.

ಸ್ಟಾಕ್ ಸ್ಕ್ರೂ, ಪಿವಟ್, ಸ್ಕೋಪ್ ಹಿಡಿಯುವ ಮೌಂಟ್, ಅದು ಜಾರದಂತೆ ತಡೆಯುವ ಸ್ಟಾಪ್ ಪಿನ್ ಎಲ್ಲ ನೋಡಿಯಾಗಿತ್ತು. ಅನುಮಾನ ಹುಟ್ಟಿಸಿದ್ದು ಟರೆಟ್, ಅಂದರೆ ಗುರಿ ಹೊಂದಿಸಲು ಸ್ಕೋಪ್ ಮೇಲಿರುವ ತಿರುಗುಗುಬ್ಬಿ. ಎಂಟು ಕ್ಲಿಕ್ ಮೇಲೆತ್ತಿದರೆ ಮುಂದಿನ ಪೆಲೆಟ್ ಹಳೇ ತೂತಿಗೇ ಹೋಗುತ್ತದೆ. ಅದರ ಮುಂದಿನದು ದಿಢೀರನೆ ಮೇಲೆ! ಗಾಜು ಮಾತ್ರ ಫಳಫಳ. ಮಂಜಿಲ್ಲ, ರೆಟಿಕಲ್ (ಒಳಗೆ ಕಾಣುವ ಗುರಿಗೆರೆ) ವಾಲಿಲ್ಲ. ಹಾಗಾಗಿ ಯಾರಿಗೂ ಸ್ಕೋಪ್ ಮೇಲೆ ಸಂಶಯ ಬರಲ್ಲ.

ರೈಫಲ್ ಖಾಲಿ ಮಾಡಿ ವೈಸ್‌ಗೆ ಕಚ್ಚಿಸಿದೆ. 25 ಮೀಟರ್ ಆಚೆ ಗ್ರಾಫ್ ಹಾಳೆ. ಕಾಲು ಎಂಒಎ (ಎಂಒಎ ಅಂದರೆ ಡಿಗ್ರಿಯ 60ನೇ ಒಂದು ಭಾಗ) ಕ್ಲಿಕ್‌ಗೆ ಅಷ್ಟು ದೂರದಲ್ಲಿ ಸುಮಾರು 1.8 ಮಿಮೀ, ಅಂದರೆ 40 ಕ್ಲಿಕ್‌ಗೆ ರೆಟಿಕಲ್ 73 ಮಿಮೀ ಸರಿಯಬೇಕು. ಡೌನ್ ಕಡೆ ಲೆಕ್ಕ ಸರಿಯಾಗೇ ಬಂತು. ಅಲ್ಲಿ ಟರೆಟ್ ಸ್ಕ್ರೂ ತಾನೇ ಸ್ಕೋಪ್ ಒಳಗಿನ ಕೊಳವೆಯನ್ನು, ಅಂದರೆ ಇರೆಕ್ಟರ್ ಟ್ಯೂಬನ್ನು, ಒತ್ತುತ್ತದೆ. ಅಪ್ ಕಡೆ ಸ್ಕ್ರೂ ಸುಮ್ನೆ ಹಿಂದೆ ಸರಿಯುತ್ತದೆ, ಟ್ಯೂಬನ್ನು ಎತ್ತಬೇಕಾದ್ದು ಎದುರಿನ ಸ್ಪ್ರಿಂಗ್. ರೆಟಿಕಲ್ ಅರ್ಧ ದಾರಿಯಲ್ಲೇ ನಿಂತಿತು. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಬೈಸಿಕೊಂಡ ಮೇಲೆ ಹೋಂವರ್ಕ್‌ಗೆ ಕೂರುವ ಹುಡುಗನ ಹಾಗೆ ಉಳಿದ ದೂರಕ್ಕೆ ಟಕ್ಕನೆ ಹಾರಿತು.

ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೂ ಒದೆಯುತ್ತದೆ. ಆ ಎರಡನೇ ಒದೆತವೇ ಸ್ಕೋಪ್‌ಗಳ ಯಮ. ಅದರ ಮೇಲೆ ನನ್ನ ಬ್ಯಾರಲ್ ಸ್ವಲ್ಪ ಕೆಳಕ್ಕೆ ಬಾಗಿದೆ, ಅದಕ್ಕೇ ಎಲಿವೇಶನ್ (ಟರೆಟ್‌ನ ಮೇಲೆ-ಕೆಳಗಿನ ಹೊಂದಿಕೆ) ಹೆಚ್ಚುಕಡಿಮೆ ತುದಿಗೇರಿತ್ತು. ಅಲ್ಲಿ ಸ್ಕೋಪ್ ಒಳಗಿನ ಸ್ಪ್ರಿಂಗ್ ಬಿಚ್ಚಿಕೊಂಡು ಬಿಗಿ ಕಳೆದುಕೊಂಡಿರುತ್ತದೆ. ನಿಮ್ಮದೂ ಹೀಗಿದ್ದರೆ 40 ಕ್ಲಿಕ್ ಇಳಿಸಿ ಅದೇ ಚುಕ್ಕೆಗೆ ಹೊಡೆಯಿರಿ. ಗ್ರೂಪ್ ಕೆಳಗೆ ಬಿದ್ದರೂ ಚಿಕ್ಕದಾದರೆ, ತಪ್ಪು ಆ ಸ್ಪ್ರಿಂಗ್‌ನದ್ದೇ ಇರಬೇಕು.

ಹೊಸ ಸ್ಕೋಪ್‌ಗೂ ಇದೇ ಗತಿ ಆಗಬಾರದು ಅಂತ ಟರೆಟ್ ತುದಿಗೇರಿಸಬೇಕಾಗದಂತೆ ಹಿಂಬದಿ ಎತ್ತರವಿರುವ ಮೌಂಟ್ ತರಿಸಿದೆ. ಕೇಳಿದ್ದು ರೈಫಲ್ ಮೇಲಿನ 11 ಮಿಮೀ ಡವ್‌ಟೇಲ್ ಹಳಿಗೆ ಕೂರುವುದು, ಬಂದಿದ್ದು ಬೇರೆ ಅಳತೆಯ ಪಿಕಾಟಿನ್ನಿ ಹಳಿಯದ್ದು. ಫೋನ್ ಮಾಡಿದರೆ "ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಅಂದರು. ಟರೆಟ್‌ಗೂ ಅದನ್ನೇ ಹೇಳ್ತಿದ್ದೆ, ಕೇಳಲಿಲ್ಲ.

ಸವೆದ ಸ್ಕೋಪ್ ಎಸೆಯಲ್ಲ. ಮುಂದಿನ ಪ್ರಾಜೆಕ್ಟ್ 6 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ (ಸರಳ ಪೀಠದ ಮೇಲೆ ಕೂರುವ ಕನ್ನಡಿ ಟೆಲಿಸ್ಕೋಪ್), ಅದಕ್ಕೆ ಇದೇ ಫೈಂಡರ್, ಅಂದರೆ ಆಕಾಶದಲ್ಲಿ ಗುರಿ ಹುಡುಕುವ ಪುಟ್ಟ ದುರ್ಬೀನು. ಚಿತ್ರ ನೆಟ್ಟಗೆ ಕಾಣುತ್ತದೆ, ಒದೆಯಲು ಪಿಸ್ಟನ್ನೂ ಇಲ್ಲ. ಕನ್ನಡಿ ತಿಕ್ಕಲು 80 ನಂಬರ್ ಕಾರ್ಬೊರಂಡಂ ಪುಡಿ ಚಿಲ್ಲರೆಯಲ್ಲಿ ಎಲ್ಲಾದರೂ ಸಿಗುತ್ತಾ? ನಾನು ಕೇಳಿದ ಅಂಗಡಿಯವರೆಲ್ಲ ಮೂಟೆಯೇ ತಗೊಳ್ಳಿ ಅಂತಿದ್ದಾರೆ.